ಆ ಎರಡು ರೆಕ್ಕೆ ಎಲ್ಲಿ ಹೋದವು? ದೋಣಿ ಮೋಟಾರು ಬಿಸಿಯಾಗುವ ಬಗ್ಗೆ ಒಂದು ಉತ್ತರ

ಪ್ರಶ್ನೆ: ಸಾರ್, ನಮ್ಮದು ಚನ್ನಗಿರಿ ಕಡೆ. ಸೂಳೆಕೆರೆಯಲ್ಲಿ ಮೀನು ಹಿಡಿಯಲು ಫೈಬರ್ ದೋಣಿ ಇಟ್ಟುಕೊಂಡಿದ್ದೇವೆ. ಅದಕ್ಕೆ 9.9 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು, ದೋಣಿಯ ಹಿಂಬದಿಗೆ ಹೊರಗಡೆ ಕಚ್ಚಿಸುವಂಥದ್ದು. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಈ ಬೇಸಿಗೆಯಲ್ಲಿ ನೀರು ಇಳಿದಾಗ ಎರಡು ಸಲ ಹೂಳಿಗೆ ಸಿಕ್ಕಿಕೊಂಡಿತು. ಅವತ್ತಿನಿಂದ ಹಿಂದೆ ಬೀಳುವ ನೀರಿನ ಧಾರೆ ಸಣ್ಣಗಾಯಿತು. ಒಬ್ಬ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆವು. ನೀರೆತ್ತುವ ಪಂಪಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರಿನ ಎರಡು ರೆಕ್ಕೆ ಮುರಿದಿದ್ದವು. ಹೊಸದು ಹಾಕಿ ಕೊಟ್ಟರು. ಆದರೆ ಸ್ಲೋನಲ್ಲಿ ಧಾರೆ ಈಗಲೂ ಸಣ್ಣ. ಸ್ಪೀಡ್ ಕೊಟ್ಟರೆ ಜೋರಾಗಿ ಬರುತ್ತದೆ, ಆದರೂ ಹತ್ತು ನಿಮಿಷಕ್ಕೆ ಬೀಪ್ ಹೊಡೆದು ಸ್ಪೀಡ್ ತಾನೇ ಇಳಿಯುತ್ತದೆ. ಎಂಜಿನ್ ಕಾದ ಮೇಲೆ ಬಾಯಿ ತೆರೆದು ನೀರು ಬಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಂತ ಒಬ್ಬರು. ಎಂಜಿನ್ ಹೆಡ್ಡಿನ ಸಂದಿ ಸೋರದ ಹಾಗೆ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಇನ್ನೊಬ್ಬರು. ಏನು ಮಾಡಲಿ?

ಉತ್ತರ: ಮೊದಲು ನಿಮಗೇ ಒಂದು ಪ್ರಶ್ನೆ ಕೇಳುತ್ತೇನೆ. ಮುರಿದ ಆ ಎರಡು ರೆಕ್ಕೆ ಎಲ್ಲಿ ಹೋದವು?

ಮೆಕ್ಯಾನಿಕ್ ಬಿಚ್ಚಿದಾಗ ಪಂಪಿನೊಳಗೆ ಸಿಕ್ಕಿದ್ದರೆ ನೀವು ಅದನ್ನೂ ಬರೆಯುತ್ತಿದ್ದಿರಿ. ಸಿಕ್ಕಿಲ್ಲ ಅಂತಲೇ ಇಟ್ಟುಕೊಳ್ಳೋಣ. ರಬ್ಬರ್ ಚೂರು ಕರಗುವ ವಸ್ತುವಲ್ಲ. ಬಂದ ದಾರಿಯಲ್ಲಿ ಕೆಳಗೆ ಹೋಗುವುದೂ ಕಷ್ಟ, ಯಾಕೆಂದರೆ ಪಂಪು ನೀರನ್ನು ಮೇಲಕ್ಕೇ ತಳ್ಳುತ್ತಿರುತ್ತದೆ. ಹಾಗಾಗಿ ಅವು ನೀರಿನ ಜೊತೆ ಮೇಲೆ ಹೋಗಿ ಎಲ್ಲೋ ಒಂದು ಇಕ್ಕಟ್ಟಿನಲ್ಲಿ ಕೂತಿವೆ. ನಿಮ್ಮ ಮೋಟಾರಿನ ಅರ್ಧ ಕಾಯಿಲೆ ಅದೇ ಅಂತ ನನ್ನ ಅಂದಾಜು. ಇನ್ನರ್ಧ ಪಂಪಿನ ಒಳಗೇ ಇದೆ. ಹೊಸ ಇಂಪೆಲ್ಲರ್ ಹಾಕಿಯೂ ಗುಣವಾಗದೆ ಇರುವುದು ಇದಕ್ಕೇ. ಇರುವುದು ಎರಡು ತೊಂದರೆ, ಔಷಧಿ ಆಗಿದ್ದು ಒಂದಕ್ಕೆ, ಅದೂ ಅರ್ಧಂಬರ್ಧ.

ನೀರು ಹೋಗುವ ದಾರಿ ಗೊತ್ತಿದ್ದರೆ ಉಳಿದದ್ದು ಸುಲಭ. ಕಾರು, ಟ್ರ್ಯಾಕ್ಟರಿನ ಹಾಗೆ ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ. ಕೆರೆಯೇ ಅದರ ರೇಡಿಯೇಟರ್. ನೀರಿನೊಳಗೆ ತಿರುಗಿ ದೋಣಿ ತಳ್ಳುವ ಫ್ಯಾನಿನ ಮೇಲ್ಗಡೆ, ಗೇರ್‌ಕೇಸಿನ ಎರಡೂ ಪಕ್ಕದಲ್ಲಿ ಸಣ್ಣ ಜಾಲರಿ ಇರುತ್ತದೆ ನೋಡಿ, ನೀರು ಒಳಗೆ ಬರುವುದು ಅಲ್ಲಿಂದ. ಅದರ ಮೇಲೆಯೇ, ಡ್ರೈವ್ ಶಾಫ್ಟಿಗೆ ಸಿಕ್ಕಿಸಿದ ರಬ್ಬರ್ ಇಂಪೆಲ್ಲರ್. ಅದು ಒಂದು ಸ್ಟೀಲ್ ಕಪ್ಪಿನೊಳಗೆ ತಿರುಗುತ್ತದೆ, ಕೆಳಗೆ ಒಂದು ಸ್ಟೀಲ್ ಪ್ಲೇಟ್. ಅಲ್ಲಿಂದ ಒಂದು ಉದ್ದನೆಯ ಪೈಪಿನಲ್ಲಿ ನೀರು ಮೇಲೆ ಎಂಜಿನ್ ಬ್ಲಾಕಿಗೆ ಹತ್ತುತ್ತದೆ. ಬ್ಲಾಕು, ಹೆಡ್ ಸುತ್ತಿ, ಥರ್ಮೋಸ್ಟಾಟ್ ದಾಟಿ, ಸೈಲೆನ್ಸರ್ ಹೊಗೆಯ ಜೊತೆ ಮತ್ತೆ ಕೆರೆಗೆ. ಹೋಗುವ ದಾರಿಯಲ್ಲಿ ಒಂದು ಸಣ್ಣ ಕವಲು ಒಡೆದು ಹೊರಗೆ ಧಾರೆಯಾಗಿ ಬೀಳುತ್ತದೆ. ‘ಮೋಟಾರು ಉಚ್ಚೆ ಹೊಯ್ತಿದೆಯಾ ನೋಡೋ’ ಅಂತ ನಮ್ಮ ಹುಡುಗರು ಹೇಳುವುದು ಇದನ್ನೇ.

ಎಲ್ಲರೂ ಮೋಸ ಹೋಗುವುದು ಈ ಧಾರೆ ನೋಡಿಯೇ. ಪಂಪಿಗೆ ಜೀವ ಇದೆ ಅನ್ನುವುದಕ್ಕೆ ಅದು ಸಾಕ್ಷಿ, ಅಷ್ಟೇ. ಹೆಡ್ಡಿನ ಒಳಗೆ ನೀರು ಸುತ್ತುತ್ತಿದೆ ಅನ್ನುವುದಕ್ಕೆ ಅಲ್ಲ. ಬಹಳಷ್ಟು ಮೋಟಾರುಗಳಲ್ಲಿ ಈ ಕವಲು ಥರ್ಮೋಸ್ಟಾಟಿಗಿಂತ ಮೊದಲೇ ಒಡೆಯುತ್ತದೆ. ನಿಮ್ಮ ಕಡೆ ಅಡಿಕೆ ತೋಟಗಳಲ್ಲಿ ಡ್ರಿಪ್ ಲೈನು ನೋಡೇ ಇರುತ್ತೀರಿ. ಕೊನೆಯ ವಾಲ್ವ್ ಮುಚ್ಚಿದರೆ ಏನಾಗುತ್ತದೆ? ಶುರುವಿನಲ್ಲಿ ಒಂದು ತೂತು ಇದ್ದರೆ ಅಲ್ಲಿ ನೀರು ಆಳೆತ್ತರ ಚಿಮ್ಮುತ್ತದೆ, ಕೊನೆಯ ಮರಕ್ಕೆ ಒಂದು ಹನಿಯೂ ಇಲ್ಲ. ನಿಮ್ಮ ಮೋಟಾರಿನಲ್ಲೂ ಇದೇ ನಡೆಯುತ್ತಿದೆ. ಮೇಲೆ ದಾರಿ ಕಟ್ಟಿಕೊಂಡಿದೆ, ಅದಕ್ಕೇ ಸ್ಪೀಡಿನಲ್ಲಿ ಧಾರೆ ಜೋರು. ಹೆಡ್ ಮಾತ್ರ ಕಾಯುತ್ತಿದೆ.

ಹಾಗಾದರೆ ಸ್ಲೋನಲ್ಲಿ ಯಾಕೆ ಸಣ್ಣ? ಅದಕ್ಕೆ ಈ ಇಂಪೆಲ್ಲರಿನ ಸ್ವಭಾವ ಹೇಳಬೇಕು. ಇದು ಬಾವಿ ಪಂಪಿನ ಇಂಪೆಲ್ಲರ್ ಅಲ್ಲ. ಕಪ್ಪಿನ ನಡುವೆ ಸರಿಯಾಗಿ ಕೂರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಸ್ಲೋನಲ್ಲಿ ರೆಕ್ಕೆಗಳು ಕಪ್ಪಿನ ಗೋಡೆಗೆ ಒತ್ತಿಕೊಂಡು, ಒಂದು ಕಡೆ ಬಿಚ್ಚಿಕೊಂಡು ನೀರು ಎಳೆದು, ಇನ್ನೊಂದು ಕಡೆ ಮಡಚಿ ಹಿಂಡಿ ಹೊರಗೆ ತಳ್ಳುತ್ತವೆ. ಸ್ಪೀಡ್ ಜಾಸ್ತಿಯಾದಾಗ ನೀರಿನ ಒತ್ತಡಕ್ಕೆ ರೆಕ್ಕೆ ಗೋಡೆಯಿಂದ ಬಿಟ್ಟುಕೊಂಡು ಮಾಮೂಲಿ ಪಂಪಿನ ಹಾಗೆ ನೀರೆಸೆಯುತ್ತವೆ. ಅಂದರೆ ಸ್ಲೋನಲ್ಲಿ ಗೋಡೆ ನುಣ್ಣಗಿರಲೇಬೇಕು. ಅಲ್ಲಿ ಗೀರು ಬಿದ್ದಿದ್ದರೆ ಹಿಂಡಿದ ನೀರು ಗೀರಿನ ಸಂದಿಯಲ್ಲಿ ವಾಪಸ್ ನುಸುಳುತ್ತದೆ. ರಬ್ಬರ್ ಎಷ್ಟೇ ಹೊಸದಾಗಿದ್ದರೂ ಧಾರೆ ಸಣ್ಣಗೇ ಬರುತ್ತದೆ.

ಸೂಳೆಕೆರೆ ಹೂಳಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಫ್ಯಾನು ಆ ಕೆಸರನ್ನು ಕಡೆದರೆ ಪಂಪು ಕುಡಿಯುವುದು ನೀರಲ್ಲ, ಮರಳು ಕಾಗದದ ಪುಡಿ. ಎರಡು ಸಲ ಕುಡಿದಿದೆ ಅಂತ ನೀವೇ ಬರೆದಿದ್ದೀರಿ. ಕಪ್ಪು, ಪ್ಲೇಟು ಎರಡೂ ಗೀರಿರುತ್ತವೆ. ನಿಮ್ಮ ಮೆಕ್ಯಾನಿಕ್ ಬರೀ ಇಂಪೆಲ್ಲರ್ ಹಾಕಿ ಹಳೆಯ ಕಪ್ಪನ್ನೇ ಮುಚ್ಚಿದ್ದಾರೆ ಅಂತ ಕಾಣುತ್ತದೆ. ಅವರನ್ನು ಬೈಯಬೇಡಿ. ಬರೀ ರಬ್ಬರಿಗೂ ಪೂರ್ತಿ ಕಿಟ್ಟಿಗೂ ರೇಟಿನಲ್ಲಿ ತುಂಬಾ ವ್ಯತ್ಯಾಸ ಇರುವುದರಿಂದ ಗಿರಾಕಿಯೇ ‘ಸದ್ಯಕ್ಕೆ ಇಷ್ಟು ಹಾಕಿ’ ಅನ್ನುವುದು ಹೆಚ್ಚು. ನಾನೂ ಹಾಗೆ ಹಾಕಿಕೊಟ್ಟು ಎರಡೇ ವಾರದಲ್ಲಿ ಅದೇ ಮೋಟಾರನ್ನು ಮತ್ತೆ ಬಿಚ್ಚಿದ್ದೇನೆ, ಕೂಲಿ ಇಲ್ಲದೆ.

ಬಿಚ್ಚುವ ಮೊದಲು ಕಾಸು ಖರ್ಚಿಲ್ಲದ ಎರಡು ಕೆಲಸ ಮುಗಿಸಿ. ಜಾಲರಿಯ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೊಂಡಿನ ನಾರು, ಪಾಚಿ, ಹಾಲಿನ ಕವರಿನ ಚೂರು, ಬಲೆಯ ದಾರ, ಏನು ಬೇಕಾದರೂ ಇರಬಹುದು. ಹಿರಿಯೂರಿನ ವಾಣಿವಿಲಾಸ ಸಾಗರ 1933 ಆದಮೇಲೆ 2022ರಲ್ಲಿ ಕೋಡಿ ಬಿತ್ತಲ್ಲ, ಆಮೇಲೆ ಅಲ್ಲಿಂದ ಒಂದು ದೋಣಿ ಮೋಟಾರು ನನ್ನ ಹತ್ತಿರ ಬಂತು. ಅಷ್ಟು ವರ್ಷ ಒಣಗಿದ್ದ ಅಂಚಿನ ಜಾಲಿ ಪೊದೆಯ ಮೇಲೆಲ್ಲ ನೀರು ಹತ್ತಿತ್ತು. ಜಾಲರಿ ತುಂಬಾ ಕೊಳೆತ ಜಾಲಿ ಎಲೆ, ಚಹಾ ಸೊಪ್ಪು ಒತ್ತಿ ತುಂಬಿದ ಹಾಗೆ. ಒಂದು ಕಡ್ಡಿಯಲ್ಲಿ ಕೆದಕಿ ತೆಗೆದೆ, ಮೋಟಾರು ಸರಿಹೋಯಿತು. ಅವರು ಹೆಡ್ ಇಳಿಸುವ ಖರ್ಚಿಗೆ ದುಡ್ಡು ಹೊಂದಿಸಿಕೊಂಡು ಬಂದಿದ್ದರು.

ಎರಡನೆಯದು, ಧಾರೆ ಬೀಳುವ ತೂತು. ನಿಮ್ಮದು ಸ್ಪೀಡಿನಲ್ಲಿ ಜೋರಾಗಿ ಬರುವುದರಿಂದ ಪೂರ್ತಿ ಕಟ್ಟಿಲ್ಲ. ಆದರೂ ಒಮ್ಮೆ ಚುಚ್ಚಿ ನೋಡಿ. ಮೋಟಾರು ತಿಂಗಳಾನುಗಟ್ಟಲೆ ಶೆಡ್ಡಿನಲ್ಲಿ ನಿಂತರೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಈ ತೂತು ಅಂದರೆ ಬಹಳ ಇಷ್ಟ. ಒಂದು ಸಲ ಧಾರೆಯೇ ಇಲ್ಲ ಅಂತ ಹೊಸ ಕಿಟ್ ಕೈಯಲ್ಲೇ ಹಿಡಿದುಕೊಂಡು ಒಬ್ಬರು ಬಂದರು. ತೂತಿನಿಂದ ಹುಳದ ಮನೆ ಪುಡಿಪುಡಿಯಾಗಿ ಹೊರಗೆ ಬಂತು, ಜೊತೆಗೆ ಒಂದು ಒಣಗಿದ ಜೇಡವೂ. ಕಬ್ಬಿಣದ ತಂತಿ ಹಾಕಬೇಡಿ, ಒಳಗಿನ ರಬ್ಬರ್ ಪೈಪು ತೂತಾಗುತ್ತದೆ. ಹುಲ್ಲು ಕತ್ತರಿಸುವ ಮಿಷನ್ನಿನ ನೈಲಾನ್ ದಾರ ನಿಮ್ಮ ಊರಲ್ಲಿ ಯಾವ ತೋಟದಲ್ಲಾದರೂ ಸಿಗುತ್ತದೆ. ಅದೇ ಸರಿ.

ಈಗ ಬಿಚ್ಚುವ ಕೆಲಸ. ಮೊದಲು ಸೇಫ್ಟಿ ಕ್ಲಿಪ್ ತೆಗೆದು, ಪ್ಲಗ್ ವೈರ್ ಕಿತ್ತಿಡಿ. ಫ್ಯಾನು ಕೈಯಲ್ಲಿ ತಿರುಗಿಸುವಾಗ ಎಂಜಿನ್ ಸ್ಟಾರ್ಟ್ ಆದರೆ ಬೆರಳು ಹೋಗುತ್ತದೆ. ಗೇರ್ ಬದಲಿಸುವ ರಾಡಿನ ಜಾಯಿಂಟ್ ಬಿಚ್ಚಿ, ಎಷ್ಟು ಸುತ್ತು ತಿರುಪು ಇತ್ತು ಅಂತ ಪೆನ್ನಿನಲ್ಲಿ ಗುರುತು ಹಾಕಿ. ಆಮೇಲೆ ಗೇರ್‌ಕೇಸ್ ಹಿಡಿದಿರುವ ಬೋಲ್ಟುಗಳು. ಕರಾವಳಿಯಿಂದ ಬಂದ ಮೋಟಾರು ಅಂದಿರಿ. ಉಪ್ಪುನೀರಿನಲ್ಲಿ ಸ್ಟೀಲ್ ಬೋಲ್ಟೂ ಅಲ್ಯೂಮಿನಿಯಂ ಬಾಡಿಯೂ ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ. ಬಲವಂತ ಮಾಡಿದರೆ ಬೋಲ್ಟ್ ತಲೆ ಕೈಗೆ ಬರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಿಗಿ ಮಾಡುವ ದಿಕ್ಕಿಗೆ ಒಂದು ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ನಿಮ್ಮ ಮೆಕ್ಯಾನಿಕ್ ಈಚೆಗೆ ಒಂದು ಸಲ ಬಿಚ್ಚಿರುವುದರಿಂದ ಕೆಳಗಿನವು ಸುಲಭವಾಗಿ ಬರಬೇಕು. ಮೇಲೆ ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟುಗಳದ್ದೇ ಭಯ. ಅವಕ್ಕೆ ಎರಡು ದಿನ ಸ್ಪ್ರೇ ಕುಡಿಸಿ. ಅವಸರ ಮಾಡಿ ನಾನು ಮುರಿದಿರುವ ಬೋಲ್ಟುಗಳಿಗೆ ಲೆಕ್ಕ ಇಟ್ಟಿಲ್ಲ.

ಗೇರ್‌ಕೇಸ್ ಇಳಿದ ಮೇಲೆ ಪಂಪಿನ ಮುಚ್ಚಳ ತೆಗೆಯಿರಿ. ಒಳಗಿನ ಕಪ್ಪನ್ನು ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು, ಉಗುರನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆಯಿರಿ. ಕಣ್ಣಿಗೆ ಗೆರೆ ಕಂಡರೆ ಪರವಾಗಿಲ್ಲ. ಉಗುರು ಗೆರೆಯಲ್ಲಿ ಸಿಕ್ಕಿಕೊಂಡರೆ ಆ ಕಪ್ಪು ಗುಜರಿಗೆ. ಕೆಳಗಿನ ಪ್ಲೇಟಿನ ಮೇಲೂ ಹಾಗೇ ಎಳೆಯಿರಿ. ಗ್ರಾಮಫೋನ್ ರೆಕಾರ್ಡಿನ ಹಾಗೆ ಸುತ್ತು ಗೆರೆ ಕಾಣುತ್ತವೆ. ಪ್ಲಾಸ್ಟಿಕ್ ಮುಚ್ಚಳ ಎಲ್ಲಾದರೂ ಕರಗಿ ಸೊಟ್ಟಗಾಗಿದೆಯಾ ಅಂತಲೂ ನೋಡಿ. ಹೂಳಿಗೆ ಸಿಕ್ಕಾಗ ನೀರಿಲ್ಲದೆ ಓಡಿದ್ದರೆ ಅದೂ ಆಗಿರುತ್ತದೆ. ಪೂರ್ತಿ ಕಿಟ್ ತೆಗೆದುಕೊಳ್ಳಿ. ಕಪ್, ಪ್ಲೇಟ್, ಗ್ಯಾಸ್ಕೆಟ್, ಕೀ (ಇಂಪೆಲ್ಲರನ್ನು ಶಾಫ್ಟಿಗೆ ಕಚ್ಚಿಸುವ ಸಣ್ಣ ಲೋಹದ ತುಂಡು), ಇಂಪೆಲ್ಲರ್ ಎಲ್ಲ ಒಟ್ಟಿಗೆ ಬರುತ್ತವೆ. ಮೋಟಾರಿನ ಮೇಲಿರುವ ಮಾಡೆಲ್ ನಂಬರು ಕೊಟ್ಟೇ ತರಿಸಿ. ಬರೀ 9.9 ಅಂದರೆ ಸಾಲದು. ಒಂದೇ ಕಂಪನಿಯ 9.9ರಲ್ಲೇ ಟೂ ಸ್ಟ್ರೋಕಿಗೆ ಬೇರೆ, ಫೋರ್ ಸ್ಟ್ರೋಕಿಗೆ ಬೇರೆ ಇರುತ್ತದೆ.

ಕೂರಿಸುವಾಗ ಕೀ ಜಾರಿ ಬೀಳುತ್ತಲೇ ಇರುತ್ತದೆ. ಒಂದು ಚೂರು ಗ್ರೀಸ್ ಹಚ್ಚಿ ಅಂಟಿಸಿ. ರೆಕ್ಕೆಗಳಿಗೆ ಗ್ರೀಸ್ ಬೇಡ, ಸೋಪಿನ ನೀರು ಸಾಕು. ಕಪ್ಪನ್ನು ಕೆಳಗೆ ಒತ್ತುತ್ತಾ ಡ್ರೈವ್ ಶಾಫ್ಟನ್ನು ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಆಗ ಎಲ್ಲ ರೆಕ್ಕೆಗಳೂ ಒಂದೇ ಕಡೆ ಮಲಗಿಕೊಂಡು ಒಳಗೆ ಹೋಗುತ್ತವೆ. ಉಲ್ಟಾ ತಿರುಗಿಸಿದರೆ ಸ್ಟಾರ್ಟ್ ಆದ ಕೂಡಲೇ ರೆಕ್ಕೆ ಮಗುಚಿಕೊಳ್ಳಬೇಕು, ಅದು ರಬ್ಬರಿಗೆ ಒಳ್ಳೆಯದಲ್ಲ.

ಗೇರ್‌ಕೇಸ್ ಮೇಲೆ ಎತ್ತುವಾಗ ಒಂದು ಸಣ್ಣ ಜಾಗ ಎಲ್ಲರನ್ನೂ ಕೆಡಿಸುತ್ತದೆ. ಮೇಲಿಂದ ಇಳಿದ ನೀರಿನ ಪೈಪು ಪಂಪಿನ ರಬ್ಬರ್ ಬುಷ್ಷಿನೊಳಗೆ ನೇರವಾಗಿ ಕೂರಬೇಕು. ಕಣ್ಣಿಗೆ ಕಾಣುವುದಿಲ್ಲ, ಕೈ ಹೋಗುವುದಿಲ್ಲ. ಶಾಫ್ಟು, ಗೇರ್ ರಾಡು, ಪೈಪು ಮೂರೂ ಒಟ್ಟಿಗೆ ಸೇರಬೇಕು. ಪೈಪು ಪಕ್ಕಕ್ಕೆ ಹೋಗಿ ಬುಷ್ ಮಡಚಿಕೊಂಡರೂ ಬೋಲ್ಟು ಬಿಗಿಯಾಗುತ್ತವೆ, ಎಲ್ಲ ಸರಿ ಅನ್ನಿಸುತ್ತದೆ. ಆದರೆ ಅರ್ಧ ನೀರು ಮೋಟಾರಿನ ಕಾಲಿನ ಒಳಗೇ ಚೆಲ್ಲಿಹೋಗುತ್ತದೆ. ನಿಮ್ಮ ಮೆಕ್ಯಾನಿಕ್ ಕೈಯಲ್ಲಿ ಇದೂ ಆಗಿರಬಹುದು. ಬಿಚ್ಚಿದಾಗ ಬುಷ್ಷಿನ ಅಂಚು ನೋಡಿ. ಒಂದು ಕಡೆ ಜಜ್ಜಿದ್ದರೆ ಗೊತ್ತಾಗುತ್ತದೆ. ಬುಷ್ಷಿಗೂ ಸೋಪಿನ ನೀರು ಹಚ್ಚಿ, ಇಬ್ಬರು ಹಿಡಿದು ಎತ್ತಿ. ಶಾಫ್ಟಿನ ಹಲ್ಲುಗಳ ಪಕ್ಕಕ್ಕೆ ಗ್ರೀಸ್ ಹಚ್ಚಬಹುದು, ನೆತ್ತಿಯ ಮೇಲೆ ಮುದ್ದೆ ಇಡಬೇಡಿ. ಇಟ್ಟರೆ ಗ್ರೀಸು ಅಲ್ಲೇ ಸಿಕ್ಕಿಕೊಂಡು ಶಾಫ್ಟು ಪೂರ್ತಿ ಮೇಲೆ ಹೋಗುವುದಿಲ್ಲ.

ಎತ್ತುವ ಮಾತು ಆಮೇಲೆ. ಗೇರ್‌ಕೇಸ್ ಕೆಳಗಿರುವಾಗಲೇ ಕಳೆದುಹೋದ ರೆಕ್ಕೆ ಹುಡುಕಬೇಕು.

ಮೇಲೆ ಥರ್ಮೋಸ್ಟಾಟ್ ಮುಚ್ಚಳ ತೆಗೆಯಿರಿ. ಮೊದಲು ಅಲ್ಲೇ ನೋಡಿ, ಹತ್ತರಲ್ಲಿ ಆರು ಸಲ ಚೂರು ಸಿಗುವುದು ಅಲ್ಲಿ. ಥರ್ಮೋಸ್ಟಾಟಿನ ಬಾಯಿಗೆ ಕಪ್ಪು ರಬ್ಬರ್ ಒತ್ತಿಕೊಂಡು ಕೂತಿರುತ್ತದೆ. ಸಿಗಲಿಲ್ಲ ಅಂದರೆ ಥರ್ಮೋಸ್ಟಾಟ್ ಹೊರಗೆ ತೆಗೆದು, ಅದೇ ಗುಂಡಿಗೆ ಹಳೇ ಬಟ್ಟೆ ಸುತ್ತಿದ ನೀರಿನ ಪೈಪು ಹಿಡಿದು ನಲ್ಲಿ ಬಿಡಿ. ನೀರು ಉಲ್ಟಾ ಇಳಿದು ಕೆಳಗಿನ ಪೈಪಿನ ಬಾಯಿಂದ ಬರಬೇಕು. ಕೆಳಗೆ ಜರಡಿ ಹಿಡಿಯಿರಿ. ಎಲ್ಲರೂ ಮಾಡುವ ತಪ್ಪು ಏನೆಂದರೆ ಕೆಳಗಿಂದ ಮೇಲಕ್ಕೆ ನೀರು ಬಿಡುವುದು. ಬಂದ ದಾರಿಯಲ್ಲೇ ಇನ್ನೂ ಒಳಗೆ ತಳ್ಳಿದ ಹಾಗಾಗುತ್ತದೆ. ಮೂಗಿಗೆ ಕಡಲೆ ಸಿಕ್ಕಿಸಿಕೊಂಡ ಮಗುವಿಗೆ ಇನ್ನೊಂದು ಬೆರಳು ಹಾಕಿದ ಹಾಗೆ. ಕಾರು ತೊಳೆಯುವ ಪ್ರೆಷರ್ ಮಿಷನ್ನೂ ಬೇಡ, ಮಾಮೂಲಿ ನಲ್ಲಿಯ ಒತ್ತಡ ಸಾಕು. ಸ್ವಲ್ಪ ಹೊತ್ತು ಬಿಟ್ಟು, ನಿಲ್ಲಿಸಿ, ಮತ್ತೆ ಬಿಡಿ. ಧಾರೆಯ ತೂತಿನಿಂದಲೂ ಹಾಗೇ ಉಲ್ಟಾ ಬಿಡಿ.

ಜರಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಪೇಪರಿನ ಮೇಲೆ ಹಾಕಿ. ಮುರಿದ ಹಳೆಯ ಇಂಪೆಲ್ಲರ್ ಮೆಕ್ಯಾನಿಕ್ ಹತ್ತಿರ ಇನ್ನೂ ಇದ್ದರೆ ಇಸಕೊಂಡು ಬನ್ನಿ. ಚೂರುಗಳನ್ನು ಒಂದೊಂದಾಗಿ ಮುರಿದ ಜಾಗಕ್ಕೆ ಹೊಂದಿಸಿ, ಒಡೆದ ಬಳೆ ಜೋಡಿಸುವ ಹಾಗೆ. ಎರಡೂ ರೆಕ್ಕೆ ಪೂರ್ತಿ ಆಗುವವರೆಗೆ ಬಿಡಬೇಡಿ. ಒಂದೂವರೆ ರೆಕ್ಕೆ ಸಿಕ್ಕಿತು, ಇನ್ನರ್ಧ ಬಿಡು ಅಂದರೆ ಆ ಅರ್ಧವೇ ಮುಂದಿನ ತಿಂಗಳು ನಡುಕೆರೆಯಲ್ಲಿ ಬೀಪ್ ಹೊಡೆಸುತ್ತದೆ. ನನ್ನ ಬೆಂಚಿನ ಡ್ರಾಯರಿನಲ್ಲಿ ಒಂದು ಬೆಂಕಿಪೊಟ್ಟಣದ ತುಂಬ ಇಂಥ ಚೂರುಗಳಿವೆ. ಕೆಲವು ಕರಿ ಹುರುಳಿಕಾಳಿನಷ್ಟೇ ದಪ್ಪ.

ಥರ್ಮೋಸ್ಟಾಟ್ ಕೈಯಲ್ಲಿರುವಾಗಲೇ ಅದನ್ನೂ ಪರೀಕ್ಷೆ ಮಾಡಿಬಿಡಿ. ಅದರ ಬಾಯಿಯನ್ನು ಉಗುರಿನಲ್ಲಿ ಸ್ವಲ್ಪ ತೆರೆದು ಒಂದು ಹೊಲಿಗೆ ದಾರ ಸಿಕ್ಕಿಸಿ ಬಿಡಿ. ಬಾಯಿ ಮುಚ್ಚಿ ದಾರ ಕಚ್ಚಿಕೊಳ್ಳುತ್ತದೆ. ದಾರ ಹಿಡಿದು ಹಳೇ ಪಾತ್ರೆಯ ತಣ್ಣೀರಿನಲ್ಲಿ ತಳ ಮುಟ್ಟದ ಹಾಗೆ ಇಳಿಬಿಡಿ. ಹಾಲು ಕಾಯಿಸುವ ಪಾತ್ರೆ ಬೇಡ, ಮನೆಯಲ್ಲಿ ಜಗಳ ಆಗುತ್ತದೆ. ಒಂದು ಥರ್ಮಾಮೀಟರ್ ಅದ್ದಿ ಸ್ಟೌ ಹಚ್ಚಿ. ಜ್ವರದ್ದಲ್ಲ, ಅದು 42 ಡಿಗ್ರಿಗೇ ಮುಗಿಯುತ್ತದೆ. ನೀರು ಕಾದಂತೆ ಬಾಯಿ ತೆರೆದು ಥರ್ಮೋಸ್ಟಾಟ್ ದಾರದಿಂದ ಜಾರಿ ‘ಟಣ್’ ಅಂತ ತಳಕ್ಕೆ ಬೀಳುತ್ತದೆ. ಬಿದ್ದಾಗ ಎಷ್ಟು ಡಿಗ್ರಿ ಅಂತ ನೋಡಿಕೊಳ್ಳಿ. ಔಟ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ 50ರಿಂದ 60ರ ಆಸುಪಾಸು ಇರುತ್ತದೆ, ನಿಮ್ಮದರ ಸರಿಯಾದ ಅಂಕಿ ಅದರ ಮೇಲೇ ಕೆತ್ತಿರುತ್ತದೆ. ನೀರು ಕುದಿಯುತ್ತಿದ್ದರೂ ಬೀಳದೆ ನೇತಾಡುತ್ತಿದ್ದರೆ ಅದು ಸತ್ತಿದೆ, ಹೊಸದು ಹಾಕಿ. ತಣ್ಣೀರಲ್ಲೇ ಬಾಯಿ ತೆರೆದುಕೊಂಡಿದ್ದರೂ ಹೊಸದೇ.

ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಂದವರ ಮಾತು ಕೇಳಬೇಡಿ. ಲಾರಿ, ಟ್ರ್ಯಾಕ್ಟರಿನಲ್ಲಿ ನಮ್ಮ ಕಡೆ ಈ ರೂಢಿ ಹಳೆಯದು. ಬಿಸಿ ಕಡಿಮೆ ಆಗುತ್ತದೆ ನಿಜ, ಆದರೆ ಎಂಜಿನ್ ತಣ್ಣಗೇ ಓಡುತ್ತದೆ. ಫೋರ್ ಸ್ಟ್ರೋಕಿನಲ್ಲಿ ಪೆಟ್ರೋಲ್ ಪೂರ್ತಿ ಉರಿಯದೆ ರಿಂಗ್ ದಾಟಿ ಆಯಿಲಿಗೆ ಇಳಿಯುತ್ತದೆ. ಕಡ್ಡಿ ತೆಗೆದು ನೋಡಿದರೆ ಆಯಿಲ್ ಕಡಿಮೆ ಆಗುವ ಬದಲು ಜಾಸ್ತಿಯಾಗಿರುತ್ತದೆ, ಮೂಸಿದರೆ ಪೆಟ್ರೋಲ್ ವಾಸನೆ. ಪ್ಲಗ್ ಮಸಿ ಹಿಡಿಯುತ್ತದೆ. ನಿಮ್ಮ ಕೆಲಸವೂ ಬಲೆ ಹಾಕುವಾಗ ಸ್ಲೋನಲ್ಲೇ ಜಾಸ್ತಿ ಹೊತ್ತು ಓಡಿಸುವುದು ತಾನೇ? ನಿಮಗಂತೂ ಥರ್ಮೋಸ್ಟಾಟ್ ಬೇಕೇ ಬೇಕು.

ಮುಚ್ಚಳ ತೆಗೆದಾಗ ಒಳಗೆ ಬಿಳಿ ಹಿಟ್ಟಿನ ಹಾಗೆ ಕಂಡರೆ ಅದು ಕರಾವಳಿಯ ಉಡುಗೊರೆ. ಉಪ್ಪೂ, ಉಪ್ಪು ತಿಂದ ಅಲ್ಯೂಮಿನಿಯಮ್ಮೂ ಸೇರಿ ದಾರಿ ಸಣ್ಣ ಮಾಡುತ್ತವೆ. ಗಟ್ಟಿ ಪದರ ಇದ್ದರೆ ಅದು ನಮ್ಮ ಬೋರ್‌ವೆಲ್ಲಿನ ಕಾಣಿಕೆಯೂ ಇರಬಹುದು. ಹೂಳು ತೊಳೆಯಲಿ ಅಂತ ಬೋರ್ ನೀರಿನಲ್ಲಿ ಮೋಟಾರು ಓಡಿಸಿದರೆ, ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಸುಣ್ಣ ಬಿಸಿ ಹೆಡ್ಡಿನೊಳಗೂ ಕಟ್ಟುತ್ತದೆ. ಚಿತ್ರದುರ್ಗ ಕಡೆಯ ಗಡಸು ನೀರಿನಲ್ಲಂತೂ ಇನ್ನೂ ಬೇಗ. ಮಳೆನೀರು ಹಿಡಿದಿಟ್ಟಿದ್ದರೆ ಅದರಲ್ಲಿ ತೊಳೆಯಿರಿ, ಇಲ್ಲದಿದ್ದರೆ ತಿಳಿಯಾದ ಕೆರೆ ನೀರೇ ವಾಸಿ. ಬಿಚ್ಚಿದ ಮುಚ್ಚಳವನ್ನು ವಿನೆಗರ್ ಅಥವಾ ನಿಂಬೆ ಉಪ್ಪಿನ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಬ್ರಷ್ ಹಾಕಿದರೆ ಬಿಡುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಮುಟ್ಟಿಸಬೇಡಿ, ಅಲ್ಯೂಮಿನಿಯಮ್ಮನ್ನು ಕಣ್ಣೆದುರೇ ತಿನ್ನುತ್ತದೆ. ತೊಳೆದ ನೀರು, ಹಳೇ ಆಯಿಲ್ ಯಾವುದನ್ನೂ ಏರಿಯ ಮೇಲಿಂದ ಕೆರೆಗೆ ಚೆಲ್ಲಬೇಡಿ. ಚಿತ್ರದುರ್ಗಕ್ಕೆ ಕುಡಿಯುವ ನೀರು ಹೋಗುವುದು ಅಲ್ಲಿಂದಲೇ.

ಎಲ್ಲ ಜೋಡಿಸಿದ ಮೇಲೆ ಡ್ರಮ್ಮಿನಲ್ಲಿ ಓಡಿಸಿ ನೋಡಿ. ನೀರಿಲ್ಲದೆ ‘ಒಂದೇ ಒಂದು ಸೆಕೆಂಡು’ ಅಂತಲೂ ಸ್ಟಾರ್ಟ್ ಮಾಡಬೇಡಿ. ಕೆಲಸ ಕಲಿಯುವಾಗ ನಾನು ಹಾಗೆ ಮಾಡಿದ್ದೆ. ಗಿರಾಕಿ ಎದುರು ಸ್ಟೈಲಾಗಿ ಹಗ್ಗ ಎಳೆದು, ಎರಡು ಸಲ ರೇಸ್ ಕೊಟ್ಟು ಆಫ್ ಮಾಡಿದೆ. ಸುಟ್ಟ ರಬ್ಬರ್ ವಾಸನೆ ಬಂತು. ಆಗತಾನೇ ಹಾಕಿದ್ದ ಇಂಪೆಲ್ಲರ್. ಆ ತಿಂಗಳ ಸಂಬಳದಲ್ಲಿ ಹಿಡಿದುಕೊಂಡರು. ಆ ರಬ್ಬರಿಗೆ ನೀರೇ ಎಣ್ಣೆ.

200 ಲೀಟರಿನ ಡ್ರಮ್ಮು ಸಾಕು. ಫ್ಯಾನಿನ ಮೇಲಿರುವ ಅಗಲ ಪ್ಲೇಟು ಮುಳುಗಿ ಅದರ ಮೇಲೆ ನಾಲ್ಕು ಬೆರಳು ನೀರಿರಲಿ. ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಸ್ಲೋನಲ್ಲೇ ಓಡಲಿ. ಹೊಗೆಯೂ ಅದೇ ಡ್ರಮ್ಮಿಗೆ ಬರುವುದರಿಂದ ನೀರು ನೊರೆಯಾಗಿ ಕಾಯುತ್ತದೆ. ಆ ಗುಳ್ಳೆಯನ್ನೇ ಪಂಪು ಎಳೆದರೆ ಧಾರೆ ಸಣ್ಣಗಾಗಿ ನೀವು ಸುಮ್ನೆ ಹೆದರುತ್ತೀರಿ. ಒಂದು ಪೈಪು ಹಾಕಿ ಹೊಸ ನೀರು ಬಿಡುತ್ತಾ, ತುಂಬಿದ್ದು ಹೊರಗೆ ಹರಿಯಲಿ.

ಸ್ಟಾರ್ಟ್ ಆದ ಕೆಲವೇ ಕ್ಷಣದಲ್ಲಿ ಸ್ಲೋನಲ್ಲೇ ಪೆನ್ಸಿಲ್ ದಪ್ಪದ ಗಟ್ಟಿ ಧಾರೆ ಬರಬೇಕು. ಬಂದರೆ ಪಂಪು ಗೆದ್ದಿತು. ಹೆಡ್ಡಿನ ಬಿಸಿ ನೋಡಲು ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಉಪಯೋಗಕ್ಕೆ ಬರುವುದಿಲ್ಲ. ವರ್ಕ್‌ಶಾಪಿನವರ ಹತ್ತಿರ ಇರುವ ಟೆಂಪರೇಚರ್ ಗನ್ ಕೇಳಿ ತನ್ನಿ. ಥರ್ಮೋಸ್ಟಾಟ್ ಮುಚ್ಚಳದ ಪಕ್ಕ ಹೆಡ್ಡಿಗೆ ಹಿಡಿದರೆ ಸ್ವಲ್ಪ ಹೊತ್ತು ಏರಿ, 50ರಿಂದ 70ರ ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು. ನಿಲ್ಲದೆ 80, 85 ಅಂತ ಏರುತ್ತಲೇ ಹೋದರೆ ಆಫ್ ಮಾಡಿ. ಒಳಗೆ ಇನ್ನೂ ಏನೋ ಉಳಿದಿದೆ.

ಡ್ರಮ್ಮಿನಲ್ಲಿ ಪಾಸಾಗಿ ಕೆರೆಯಲ್ಲಿ ಮಾತ್ರ ಕಾದರೆ ಮೋಟಾರು ದೋಣಿಗೆ ಕೂತಿರುವ ಎತ್ತರ ಅಳೆಯಿರಿ. ಆ ಅಗಲ ಪ್ಲೇಟು ದೋಣಿಯ ತಳಕ್ಕೆ ಸಮವಾಗಿ ಅಥವಾ ಒಂದಿಂಚು ಕೆಳಗೆ ಇರಬೇಕು. ಮೇಲಿದ್ದರೆ ಓಟದಲ್ಲಿ ಜಾಲರಿ ಗಾಳಿ ಎಳೆಯುತ್ತದೆ. ಫುಟ್‌ವಾಲ್ವ್ ನೀರಿನಿಂದ ಮೇಲೆ ಬಂದ ಪಂಪ್‌ಸೆಟ್ ಕಥೆಯೇ. ಕರಾವಳಿಯ ಮೋಟಾರು, ನಮ್ಮ ಕಡೆ ಮಾಡಿದ ದೋಣಿ. ಶಾರ್ಟ್ ಶಾಫ್ಟಿಗೂ ಲಾಂಗ್ ಶಾಫ್ಟಿಗೂ ಐದಿಂಚು ವ್ಯತ್ಯಾಸ ಇರುತ್ತದೆ, ಹೊಂದದೆ ಇರಬಹುದು.

ಇನ್ನು ಹೆಡ್ ಗ್ಯಾಸ್ಕೆಟ್. ಅದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕಂತಲೇ. ಗ್ಯಾಸ್ಕೆಟ್ ಹೋಗಿದ್ದರೆ ಬೇರೆ ಗುರುತುಗಳೂ ಇರುತ್ತವೆ. ಪ್ಲಗ್ ಬಿಚ್ಚಿದರೆ ಒಂದು ಒದ್ದೆ ಅಥವಾ ತೊಳೆದಿಟ್ಟಷ್ಟು ಸ್ವಚ್ಛ, ಇನ್ನೊಂದು ಮಾಮೂಲಿ ಕಂದು. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ. ಧಾರೆ ಒಂದೇ ಸಮ ಬರದೆ ಗುಳ್ಳೆಗುಳ್ಳೆಯಾಗಿ ಉಗುಳುತ್ತದೆ. ಎರಡು ಸಿಲಿಂಡರಿನ ಕಂಪ್ರೆಷನ್ನಿನಲ್ಲಿ ತುಂಬಾ ಹೆಚ್ಚುಕಡಿಮೆ. ಇದ್ಯಾವುದನ್ನೂ ನೀವು ಬರೆದಿಲ್ಲ. ಆದರೆ ಬೀಪ್ ಹೊಡೆದ ಮೇಲೂ ಎಷ್ಟು ಸಲ ಓಡಿಸಿದಿರೋ ಗೊತ್ತಿಲ್ಲ. ಹಾಗಾಗಿ ಪ್ಲಗ್ ಎರಡನ್ನೂ, ಆಯಿಲ್ ಕಡ್ಡಿಯನ್ನೂ ಒಮ್ಮೆ ನೋಡಿಬಿಡಿ, ಐದು ನಿಮಿಷದ ಕೆಲಸ. ಈ ಗುರುತು ಕಂಡರೆ ಮನೆಯಲ್ಲಿ ಹೆಡ್ ಬಿಚ್ಚಬೇಡಿ. ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಬಿಗಿ ಮಾಡಿದ ಹೆಡ್ ಮತ್ತೆ ಸೋರುತ್ತದೆ. ಗೊತ್ತಿರುವವರ ಹತ್ತಿರ ಕೊಡಿ.

ಕಿಟ್ ಬರುವವರೆಗೆ ಈ ಮೋಟಾರನ್ನು ಕೆರೆಗೆ ಇಳಿಸಬೇಡಿ. ಇಳಿಸಲೇಬೇಕಾಗಿ ಬಂದರೆ ಹುಟ್ಟು ಜೊತೆಗಿರಲಿ. ಬೀಪ್ ಬಂದ ತಕ್ಷಣ ಸ್ಲೋ ಮಾಡಿ, ನ್ಯೂಟ್ರಲ್ಲಿಗೆ ತಂದು ಆಫ್ ಮಾಡಿ, ಮೋಟಾರು ಎತ್ತಿ ಜಾಲರಿಗೆ ಕವರು ಸುತ್ತಿದೆಯಾ ನೋಡಿ. ಬಿಸಿ ಹೆಡ್ಡಿನ ಮೇಲೆ ಕೆರೆ ನೀರು ಎರಚಬೇಡಿ, ಸೊಟ್ಟಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಹುಟ್ಟು ಹಾಕಿಕೊಂಡೇ ದಡಕ್ಕೆ ಬನ್ನಿ. ಮುಂದಿನ ಬೇಸಿಗೆಯಲ್ಲಿ ಸೊಂಟದಷ್ಟು ನೀರಿಗೆ ಬಂದ ಕೂಡಲೇ ಮೋಟಾರು ಎತ್ತಿ ಜಲ್ಲೆಯಲ್ಲಿ ತಳ್ಳಿಕೊಂಡು ಹೋಗಿ. ಕೆಸರಿನಲ್ಲಿ ಓಡುವ ಮೋಟಾರಿಗೆ ವರ್ಷಕ್ಕೊಮ್ಮೆ ಪಂಪು ಬಿಚ್ಚಿ ನೋಡುವುದು ಇದ್ದೇ ಇದೆ. ಜೂನಿಗೆ ಮುಂಚೆ, ಕೆರೆಗೆ ಹೊಸ ನೀರು ಬರುವ ಮೊದಲು ಮಾಡಿಕೊಂಡರೆ ಅನುಕೂಲ.

ಚೂರು ಎಷ್ಟು ಸಿಕ್ಕಿದವು, ಎಲ್ಲಿ ಸಿಕ್ಕಿದವು ಅಂತ ಬರೆದು ತಿಳಿಸಿ. ಎರಡು ರೆಕ್ಕೆಯೂ ಪೂರ್ತಿ ಸಿಕ್ಕಿ, ಕಪ್ಪು ಹೊಸದಾಗಿ, ಥರ್ಮೋಸ್ಟಾಟ್ ದಾರ ಬಿಟ್ಟು ಬಿದ್ದೂ ಮೋಟಾರು ಕಾಯುತ್ತಿದ್ದರೆ ಆ ಪ್ಲಗ್‌ಗಳ ಫೋಟೋ ತೆಗೆದು ಜೊತೆಗೆ ಕಳಿಸಿ.